ಕೋರ್ಟು ಏಳುವ ತನಕ

ಹನ್ನೊಂದಕ್ಕೆ ನನ್ನ ಗಂಟಲಿನ ಕೆಲಸ ಶುರು.
ಎರಡು ಕಾಳುಮೆಣಸು ಜಗಿದು, ಬಾಗಿಲಿಗೆ ಬಂದು
ವಿರಾಜಪೇಟೆಯ ಕಡೆಗೆ ಮುಖ ಮಾಡಿ ಕೂಗುತ್ತೇನೆ,
ಒಂದು ಹೆಸರಿಗೆ ಮೂರು ಸಲ.
ಇಪ್ಪತ್ತಾರು ವರ್ಷದಿಂದ ಸರ್ಕಾರ ಸಂಬಳ ಕೊಡುತ್ತಿರುವುದು
ಇದಕ್ಕೇ.

ಬುಧವಾರ ಸಂತೆ. ಪೆಟ್ಟಿ ಕೇಸೂ ಬುಧವಾರವೇ.
ಹೇಗೂ ಪೇಟೆಗೆ ಬರುತ್ತಾರಲ್ಲ, ಚೀಲ ಹಿಡಿದೇ ಬರುತ್ತಾರೆ.
ಕಟಕಟೆಗೆ ಒರಗಿಸಿಟ್ಟ ಒಣಮೀನಿಗೆ ಮೂಗು ಮುಚ್ಚಿಕೊಂಡು
ಬೆಂಚ್ ಕ್ಲರ್ಕ್ ಜಲಜಾಕ್ಷಿ ರಸೀದಿ ಹರಿಯುತ್ತಾರೆ.

ತೋರೆಮಾಡಂಡ ಬೋಪಯ್ಯ!
ಸಮನ್ಸಿನಲ್ಲಿ 'ತೊರೆ ಮಡಂದ' ಎಂದಿತ್ತು. ಹಾಗೇ ಕೂಗಿದ್ದರೆ
ಮನೆಹೆಸರು ಕೆಡಿಸಿದ್ದಕ್ಕೆ ನನ್ನ ಮೇಲೇ ಕೇಸಾಗುತ್ತಿತ್ತು.
ಸೀಟ್ ಬೆಲ್ಟ್ ಇರಲಿಲ್ಲ. ಒಪ್ಪಿದರು, ಕಟ್ಟಿದರು,
ಹೊರಗೆ ನಿಂತ ಜೀಪಿಗೆ, ನಾಯಿಗೆ ಹೇಳುವಂತೆ, ಏನೋ ಹೇಳಿ ಹೋದರು.

ಇನಾಮುಲ್! ಕಾನ್‌ಸ್ಟೇಬಲ್ ಬರೆದದ್ದು 'ಎನಾಮಲ್'.
ಅಸ್ಸಾಮಿನ ಹುಡುಗ. ಬಸ್‌ಸ್ಟ್ಯಾಂಡಿನಲ್ಲಿ ಬೀಡಿ.
ತಪ್ಪು ಒಪ್ಪುತ್ತೀಯಾ ಎಂದರೆ,
ಕಾಫಿ ಕೊಯ್ಯುವಷ್ಟೇ ಕನ್ನಡ ಬರುವವನು
'ಆಯ್ತು ಸಾವ್ಕಾರೆ' ಅಂದ.
ಅದೂ ಒಪ್ಪಿಗೆಯೇ.

ಸೈದಲವಿ! ಪಿಕಪ್ಪಿನ ಹಿಂದೆ ಹದಿನೇಳು ಆಳು.
'ಎಣಿಸಿದ್ದು ತಪ್ಪು ಸಾರ್, ಹತ್ತೊಂಬತ್ತು' ಎಂದು
ಹೋದ ಸಲ ನಿಜ ಹೇಳಿ ಎರಡು ತಲೆಗೆ ಹೆಚ್ಚು ತೆತ್ತವನು
ಈ ಸಲ ಸುಮ್ಮನೆ ತಲೆಯಾಡಿಸಿದ.
ದುಡ್ಡು ಎಸ್ಟೇಟಿನದು, ಹೆಸರು ಅವನದು.

ಆಮೇಲೆ, ಪಣಿಎರವರ ಬೊಳ್ಳಿ.
ಒಂದು ಸಲ ಕೂಗಿದೆ. ಎರಡು ಸಲ.
ಎದುರಿಗೇ ಗೋಡೆಗೊರಗಿ ಕೂತಿದ್ದಾಳೆ, ನನ್ನನ್ನೇ ನೋಡುತ್ತ.
ಮೂರನೆಯದು ಮುಗಿದ ಮೇಲೆ ಎದ್ದಳು.

ಅಪರಾಧ: ಹಿಂದಿನ ತಿಂಗಳ ಸಂತೆಯಲ್ಲಿ, ಗಡಿಯಾರ ಕಂಬದ ಕೆಳಗೆ
ಎಸ್ಟೇಟಿನ ರೈಟರನನ್ನು ಅಡ್ಡಗಟ್ಟಿ,
ತಕ್ಕಡಿ ನುಂಗಿದ ಕಿಲೋಗಳ ಲೆಕ್ಕವನ್ನು
ಊರಿಗೆಲ್ಲ ಕೇಳುವಂತೆ ಕೂಗಿದ್ದು.
ಸಾರ್ವಜನಿಕ ಶಾಂತಿಗೆ ಭಂಗ.
ಕಾಗದದಲ್ಲಿ ತಕ್ಕಡಿ ಇಲ್ಲ. ಕೂಗು ಇದೆ.

'ಒದರಿದ್ದು ಖರೇ ಏನವ್ವಾ?'
ಮ್ಯಾಡಮ್ ವಿಜಯಪುರದವರು.
ಬೊಳ್ಳಿ ನನ್ನತ್ತ ತಿರುಗಿದಳು.
ಒದರೂದು ಅಂದರೆ ಕೂಗೋದು, ಅಂದೆ.
'ಕೂಗಿದೆ. ಮೂರು ವರ್ಷ ಮೆಲ್ಲಗೆ ಹೇಳಿ ನೋಡಿದ್ದೆ.'

ನಾನು ಬಾಗಿಲ ಚಿಲಕ ನೋಡಿದೆ. ಬಾಯಲ್ಲಿ ಮೆಣಸು.
ಕೂಗಿದ್ದಕ್ಕೆ ನನಗೆ ಪಿಂಚಣಿ ಬರುತ್ತದೆ.

ದಂಡ ಇನ್ನೂರು. ಇಲ್ಲ ಅಂದಳು.
ಮ್ಯಾಡಮ್ ಸ್ವಲ್ಪ ಹೊತ್ತು ಫ್ಯಾನು ನೋಡಿ ಬರೆದರು:
ಕೋರ್ಟು ಏಳುವ ತನಕ ಸಾದಾ ಸಜೆ.
ಅಂದರೆ ಕೂರುವುದು. ಹಿಂದಿನ ಬೆಂಚು. ಅಷ್ಟೇ.

ಕೊಯ್ಲಿನ ಕಾಲ. ಕೂತರೆ ಹೋಗುವ ಕೂಲಿ
ದಂಡಕ್ಕಿಂತ ಜಾಸ್ತಿ. ಆ ಲೆಕ್ಕ ಅವಳಿಗೆ
ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.
ಆದರೂ ಕೂತ ಚಂದವೇ ಬೇರೆ:
ಕಾಲು ಚಾಚಿ, ಸೆರಗಿನಲ್ಲಿ ಉಳಿದಿದ್ದ
ಒಂದೇ ಒಂದು ಕಾಫಿ ಹಣ್ಣು ಬಾಯಿಗೆ ಹಾಕಿ ಚೀಪುತ್ತ.
ಜಾಗದ ತಕರಾರು, ಚೆಕ್ ಬೌನ್ಸು, ಜೀವನಾಂಶ,
ಒಂದೊಂದೇ ಬಂದು ಮುಂದಿನ ತಾರೀಖು ಪಡೆದು ಹೋದವು.
ಅವಳದು ಮಾತ್ರ ಇವತ್ತೇ ಮುಗಿಯುವ ಕೇಸು.

ಐದೂಕಾಲಿಗೆ ಮ್ಯಾಡಮ್ ಎದ್ದರು. ಎಲ್ಲರೂ ಎದ್ದರು.
ಬೊಳ್ಳಿ ಕೂತೇ ಇದ್ದಳು.
ಕೋರ್ಟು ಎದ್ದಿತು, ನೀನೂ ಏಳು, ಅಂದೆ ಮೆಲ್ಲಗೆ.
'ಮೊದಲ ಸಲವೇ ಕೇಳಿಸಿತ್ತು.'
ಏನು?
'ಬೆಳಿಗ್ಗೆ. ನನ್ನ ಹೆಸರು.
ಅಷ್ಟು ಜೋರಾಗಿ ಯಾರೂ ಕರೆದಿರಲಿಲ್ಲ.
ಮೂರೂ ಆಗಲಿ ಅಂತ ಕೂತೆ.'

ಕಿಟಕಿಗಳ ಅಗುಳಿ ಹಾಕಿ ನಾನು ಹೊರಟಾಗ
ಗಡಿಯಾರ ಕಂಬದ ಕೆಳಗೆ ಪೂರಾ ಶಾಂತಿ.
ಅಂಗಡಿ ಎತ್ತಿದ ಮೀನಿನವನ ತಕ್ಕಡಿ
ಏನೂ ಇಲ್ಲದೆ ಒಂದು ಕಡೆಗೆ ವಾಲಿ ತೂಗುತ್ತಿತ್ತು.
ನಿಂತೆ.
ಗಂಟಲು ಸರಿಮಾಡಿಕೊಂಡೆ.
ಬಸ್ಸು ಬಂತು, ಹತ್ತಿದೆ.